ಪಾಸಾದವಳಿಗೆ ಇಲ್ಲ, ಎರಡು ವಿಷಯ ಉಳಿಸಿಕೊಂಡವಳಿಗೆ ಉಂಟು

ಪದವಿ ಕಾಲೇಜುಗಳ ಫಲಿತಾಂಶ ಹೊರಬೀಳುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಅಲ್ಲಿಯವರೆಗೆ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು ಹೇಗೆ ಎಂದು ಕೇಳುತ್ತಿದ್ದವರು, ಬಂದದ್ದು ನಿಂತುಹೋಗುತ್ತದೆಯೇ ಎಂದು ಕೇಳತೊಡಗುತ್ತಾರೆ. ಈ ಸಂಚಿಕೆಗೆ ಅಂಥ ನಾಲ್ಕು ಪತ್ರಗಳನ್ನು ಆಯ್ದುಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಬಂದಿದ್ದೇನೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರಿಂದ ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನ ಸಿಕ್ಕಿತ್ತು. ಮೊದಲ ವರ್ಷದ ಎಲ್ಲ ವಿಷಯಗಳಲ್ಲಿಯೂ ಪಾಸಾಗಿದ್ದೇನೆ. ಆದರೆ ಒಟ್ಟಾರೆ ಶೇಕಡಾ 48 ಬಂದಿದೆ. ನವೀಕರಣಕ್ಕೆ ಅರ್ಹಳಲ್ಲ ಎಂದು ಕಾಲೇಜಿನ ಕಚೇರಿಯಲ್ಲಿ ಹೇಳಿದರು. ನನ್ನ ಕೋಣೆಯಲ್ಲಿಯೇ ಇರುವ ಗೆಳತಿಗೆ ಎರಡು ವಿಷಯ ಬ್ಯಾಕ್ ಉಳಿದಿವೆ, ಆದರೂ ಅವಳ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಮುಂದುವರಿಯುತ್ತದೆ. ಇನ್ನೊಬ್ಬಳಿಗೆ ಒಂದು ವಿಷಯ ಉಳಿದಿದ್ದರೂ ಪ್ರಗತಿ ವಿದ್ಯಾರ್ಥಿವೇತನಕ್ಕೆ ತೊಂದರೆಯಿಲ್ಲವಂತೆ. ಪಾಸಾದವಳಿಗೆ ಇಲ್ಲ, ಫೇಲಾದವರಿಗೆ ಉಂಟು ಎಂದರೆ ಇದು ಯಾವ ನ್ಯಾಯ? — ಹೊಸನಗರ ತಾಲೂಕಿನ ವಿದ್ಯಾರ್ಥಿನಿ

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಕಾಲೇಜಿನವರು ಹೇಳಿದ್ದು ತಪ್ಪಲ್ಲ. ನೀವು ಮೂವರೂ ಒಂದೇ ತರಗತಿಯಲ್ಲಿ ಕುಳಿತು ಒಂದೇ ಪ್ರಶ್ನೆಪತ್ರಿಕೆ ಬರೆದಿದ್ದರೂ, ನಿಮ್ಮನ್ನು ಅಳೆಯುತ್ತಿರುವುದು ಮೂರು ಬೇರೆ ಬೇರೆ ಕೊಳಗಗಳಲ್ಲಿ.

ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನ ಹನ್ನೆರಡನೇ ತರಗತಿಯಲ್ಲಿ ತಮ್ಮ ವಿಭಾಗದ 80ನೇ ಪರ್ಸೆಂಟೈಲ್‌ಗಿಂತ ಮೇಲೆ ಬಂದವರಿಗೆ, ಅಂದರೆ ಮಂಡಳಿಯ ಮೇಲಿನ ಐದನೇ ಒಂದು ಭಾಗದಲ್ಲಿ ನಿಂತವರಿಗೆ, ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದರೆ ಮಾತ್ರ ಸಿಗುವಂಥದ್ದು. ಪದವಿಯ ಮೊದಲ ಮೂರು ವರ್ಷ ತಲಾ 12,000 ರೂಪಾಯಿ, ನಿಮ್ಮಂತೆ ನಾಲ್ಕು ವರ್ಷದ ವೃತ್ತಿಪರ ಕೋರ್ಸಾದರೆ ನಾಲ್ಕನೇ ವರ್ಷ 20,000 ರೂಪಾಯಿ ಬರುತ್ತದೆ. ಅಂಕ ನೋಡಿ ಕೊಟ್ಟದ್ದನ್ನು ಅಂಕ ನೋಡಿಯೇ ಮುಂದುವರಿಸುತ್ತಾರೆ. ಪ್ರತಿ ವರ್ಷದ ಪರೀಕ್ಷೆಯಲ್ಲಿ ಕನಿಷ್ಠ ಶೇಕಡಾ 50 ಅಂಕ ಮತ್ತು ಕನಿಷ್ಠ ಶೇಕಡಾ 75 ಹಾಜರಾತಿ, ಈ ಎರಡೂ ಇದ್ದರೆ ಮಾತ್ರ ನವೀಕರಣ. ಪಾಸಾಗಿದ್ದೀರಾ ಎಂಬ ಪ್ರಶ್ನೆಯನ್ನು ಈ ಯೋಜನೆ ಕೇಳುವುದೇ ಇಲ್ಲ. ವಿಶ್ವವಿದ್ಯಾಲಯದ ಪಾಸಿನ ಗೆರೆ ಐವತ್ತಕ್ಕಿಂತ ಕೆಳಗಿರುವುದರಿಂದ, ಆ ಗೆರೆಗೂ ಐವತ್ತಕ್ಕೂ ನಡುವಿನ ಕಿರಿದಾದ ಓಣಿಯಲ್ಲಿ ನೀವು ಸಿಕ್ಕಿಕೊಂಡಿದ್ದೀರಿ.

ನಿಮ್ಮ ಮೊದಲ ಗೆಳತಿಯದು ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಇರಬಹುದೆಂದು ಭಾವಿಸುತ್ತೇನೆ. ಅದರ ಉದ್ದೇಶ ಹತ್ತನೇ ತರಗತಿಯ ಆಚೆಗೆ ಓದೇ ನಿಂತುಹೋಗುವ ಮನೆಗಳ ಮಕ್ಕಳನ್ನು ಕಾಲೇಜಿನಲ್ಲಿ ಉಳಿಸಿಕೊಳ್ಳುವುದು. ಆದ್ದರಿಂದ ಅಲ್ಲಿನ ಮುಖ್ಯ ಷರತ್ತು ಮುಂದಿನ ತರಗತಿಗೆ ಬಡ್ತಿ ಸಿಕ್ಕಿರಬೇಕು, ಹಾಜರಾತಿ ಕ್ರಮಬದ್ಧವಾಗಿರಬೇಕು ಎಂಬುದು. ಎರಡು ವಿಷಯ ಉಳಿದಿದ್ದರೂ ವಿಶ್ವವಿದ್ಯಾಲಯ ಅವಳನ್ನು ಎರಡನೇ ವರ್ಷಕ್ಕೆ ಬಿಟ್ಟಿದ್ದರೆ ಆ ಷರತ್ತು ಪೂರೈಸಿದಂತೆ. ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ ಕೊಡುವ ಪ್ರಗತಿ ಯೋಜನೆಯೂ ಬಡ್ತಿಯನ್ನೇ ಕೇಳುತ್ತದೆ. ಆದರೆ ನಿಮ್ಮ ಗೆಳತಿಯರು ನಿಶ್ಚಿಂತೆಯಿಂದ ಇರಬೇಕಾಗಿಲ್ಲ. ಬ್ಯಾಕ್‌ಗಳು ಬೆಳೆದು ವಿಶ್ವವಿದ್ಯಾಲಯದ ಮಿತಿ ದಾಟಿ ಇಯರ್ ಬ್ಯಾಕ್ ಆದ, ಅಂದರೆ ಅದೇ ವರ್ಷದಲ್ಲಿ ಉಳಿಯಬೇಕಾಗಿ ಬಂದ ದಿನ, ಬಡ್ತಿ ಎಂಬ ಷರತ್ತು ಒಂದೇ ಏಟಿಗೆ ಮುರಿದುಬೀಳುತ್ತದೆ. ಪ್ರಗತಿಯಲ್ಲಂತೂ ಬಡ್ತಿ ತಪ್ಪಿದವಳು ವಿದ್ಯಾರ್ಥಿವೇತನವನ್ನೇ ಕಳೆದುಕೊಳ್ಳುತ್ತಾಳೆ. ನಿಮ್ಮದು ಎರಡು ಅಂಶ ಕಡಿಮೆಯಾದರೆ ಹೋಗುವ ಹಣ, ಅವರದು ಇದ್ದಕ್ಕಿದ್ದಂತೆ ಪೂರ್ತಿ ಹೋಗುವ ಹಣ.

ಈ ನಿಯಮದಲ್ಲಿ ನನಗೂ ಒಂದು ತಕರಾರಿದೆ. ಬಿ.ಎ. ಓದುವವರಿಗೂ ಇಂಜಿನಿಯರಿಂಗ್ ಓದುವವರಿಗೂ ಅದೇ ಐವತ್ತರ ಗೆರೆ ಎಳೆದಿರುವುದು ಸರಿಯಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿ ಬಂದ ಹುಡುಗಿಗೆ ಇಂಜಿನಿಯರಿಂಗಿನ ಮೊದಲ ವರ್ಷದ ಶೇಕಡಾ 48 ಎಂದರೆ ಎಷ್ಟು ದುಡಿಮೆ ಎಂಬುದು ಪೋರ್ಟಲ್‌ಗೆ ಕಾಣುವುದಿಲ್ಲ. ಇರಲಿ, ನನ್ನ ತಕರಾರಿನಿಂದ ನಿಮ್ಮ ಖಾತೆಗೆ ಹಣ ಬರುವುದಿಲ್ಲ. ನೀವು ಮಾಡಬಹುದಾದದ್ದನ್ನು ಹೇಳುತ್ತೇನೆ.

ಮೊದಲು ಆ 48 ಎಲ್ಲಿಂದ ಬಂತು ಎಂದು ನೋಡಿ. ಗ್ರೇಡ್ ಅಂಕವನ್ನು ಶೇಕಡಾವಾರಿಗೆ ಪರಿವರ್ತಿಸಲು ನಿಮ್ಮ ವಿಶ್ವವಿದ್ಯಾಲಯದ ಸೂತ್ರವೊಂದಿರುತ್ತದೆ; ಅದನ್ನು ಬಿಟ್ಟು ಯಾರಾದರೂ ಅಂದಾಜಿನಲ್ಲಿ ಲೆಕ್ಕ ಹಾಕಿದ್ದರೆ, ಅಥವಾ ಎರಡು ಸೆಮಿಸ್ಟರ್ ಸೇರಿಸುವ ಬದಲು ಒಂದನ್ನೇ ನೋಡಿದ್ದರೆ, ಫಲಿತಾಂಶ ಬೇರೆಯಾಗುತ್ತದೆ. ಎರಡನೆಯದಾಗಿ, ಅಂಚಿನಲ್ಲಿರುವವರು ಉತ್ತರಪತ್ರಿಕೆಯ ಛಾಯಾಪ್ರತಿ ತರಿಸಿಕೊಂಡು ಮರುಮೌಲ್ಯಮಾಪನಕ್ಕೆ ಹಾಕುವುದು ದುಂದುಗಾರಿಕೆಯಲ್ಲ. ಪಾಸಾದವರು ಮರುಮೌಲ್ಯಮಾಪನ ತಮಗಲ್ಲವೆಂದು ತಿಳಿಯುತ್ತಾರೆ. ನಿಮಗೆ ಬೇಕಾಗಿರುವುದು ಪಾಸಲ್ಲ, ಎರಡು ಅಂಶ. ಅದರ ಫಲಿತಾಂಶ ಬರುವುದರೊಳಗೆ ನವೀಕರಣದ ಕೊನೆಯ ದಿನಾಂಕ ದಾಟುವ ಸಂಭವವಿದ್ದರೆ, ಅರ್ಜಿ ಸಲ್ಲಿಸಿರುವ ವಿಷಯವನ್ನು ಕಾಲೇಜಿನ ವಿದ್ಯಾರ್ಥಿವೇತನ ನೋಡಲ್ ಅಧಿಕಾರಿಗೆ ಬರಹದಲ್ಲಿ ತಿಳಿಸಿ. ಮೂರನೆಯದಾಗಿ, ಈ ವಿದ್ಯಾರ್ಥಿವೇತನ ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ ಎಂಬ ಷರತ್ತಿನಿಂದ ನೀವು ಇಷ್ಟು ದಿನ ರಾಜ್ಯದ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ನ ಕಡೆಗೆ ನೋಡಿಯೇ ಇರಲಿಕ್ಕಿಲ್ಲ. ಈ ವರ್ಷ ಕೇಂದ್ರದ್ದು ಇಲ್ಲವೆಂದು ಖಚಿತವಾದರೆ, ನಿಮ್ಮ ಜಾತಿ ಮತ್ತು ಆದಾಯಕ್ಕೆ ಹೊಂದುವ ಯೋಜನೆ ಅಲ್ಲಿ ಇದೆಯೇ ಎಂದು ನೋಡಿ. ಅದಕ್ಕೆ ನಾಡಕಚೇರಿಯಿಂದ ಪಡೆದ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಆಧಾರ್ ಜೋಡಣೆ, ಆಗಿರಬೇಕು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕೆನಿಸುತ್ತದೆ. ನಾನು ಕಾಲೇಜೊಂದರಲ್ಲಿ ವಿದ್ಯಾರ್ಥಿವೇತನದ ವಿಭಾಗ ನೋಡಿಕೊಳ್ಳುತ್ತಿದ್ದಾಗ, ಮಳೆ ಹಿಂದೆ ಸರಿಯುತ್ತಿದ್ದ ಅಕ್ಟೋಬರಿನಲ್ಲಿ ಆಗುಂಬೆ ಕಡೆಯ ಹುಡುಗಿಯೊಬ್ಬಳು ವರ್ಗಾವಣೆ ಪತ್ರ ಕೇಳಿಕೊಂಡು ಬಂದಳು. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ, ಎರಡು ಪ್ಲಾಸ್ಟಿಕ್ ಕವರಿನೊಳಗಿಂದ ಮಾರ್ಕ್ಸ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. ಒಂದು ವಿಷಯದಲ್ಲಿ ಫೇಲು. "ಇನ್ನು ಸ್ಕಾಲರ್‌ಶಿಪ್ ಬರಲ್ಲ ಸರ್, ಅಪ್ಪ ಮನೆಗೆ ಬಾ ಅಂದಿದ್ದಾರೆ" ಎಂದಳು. ಅವಳ ಅರ್ಜಿ ತೆರೆದು ನೋಡಿದರೆ, ಅದು ತಿರಸ್ಕೃತವಾಗಿರಲಿಲ್ಲ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೆಂದು ಎರಡು ತಿಂಗಳ ಹಿಂದೆ ಅವಳ ಲಾಗಿನ್‌ಗೆ ಹಿಂದಿರುಗಿಸಲಾಗಿತ್ತು. ಫೇಲಾದ ಮೇಲೆ ಯಾಕೆ ನೋಡುವುದು ಎಂದು ಅವಳು ತೆರೆದೇ ಇರಲಿಲ್ಲ. ಹಿಂದಿರುಗಿದ ಅರ್ಜಿಗಳ ಪಟ್ಟಿ ನನ್ನ ಮೇಜಿನ ಮೇಲೂ ಇತ್ತು. ಒಂದು ಫೋನು ಮಾಡಬಹುದಿತ್ತು, ನಾನೂ ಮಾಡಿರಲಿಲ್ಲ. ಕಡತಗಳಲ್ಲಿ ನಾನು ಕಂಡಂತೆ ಫೇಲಾದ ಕಾರಣಕ್ಕೇ ನಿಂತ ವಿದ್ಯಾರ್ಥಿವೇತನಗಳಿಗಿಂತ, ಫೇಲಾದೆವೆಂದು ಸುಮ್ಮನೆ ಕುಳಿತ ಕಾರಣಕ್ಕೆ ನಿಂತವೇ ಹೆಚ್ಚು.

ಪ್ರಶ್ನೆ: ಸ್ವಾಮಿ, ನನ್ನ ಮಗ ಬಿ.ಕಾಂ. ಎರಡನೇ ವರ್ಷ. ಹಿಂದುಳಿದ ವರ್ಗದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಬರುತ್ತಿತ್ತು. ನವೆಂಬರಿನಲ್ಲಿ ಅಡಿಕೆಯ ಕೊನೆ ಕೊಯ್ಲಿಗೆ ಆಳು ಸಿಗದೆ ಎರಡು ವಾರ ಅವನನ್ನು ಮನೆಯಲ್ಲಿಯೇ ಉಳಿಸಿಕೊಂಡೆ. ಜನವರಿಯಲ್ಲಿ ಅವನಿಗೆ ಮಂಗನ ಕಾಯಿಲೆ ಬಂತು. ಜ್ವರ ಬಿಟ್ಟಿತೆಂದುಕೊಂಡ ಮೇಲೆ ಮತ್ತೆ ಮರುಕಳಿಸಿ ಆಸ್ಪತ್ರೆಯಲ್ಲಿ ಮಲಗಿದ, ಸೆಮಿಸ್ಟರ್ ಪರೀಕ್ಷೆ ತಪ್ಪಿತು. ಹಾಜರಾತಿ ಶೇಕಡಾ 66 ಎನ್ನುತ್ತಾರೆ. ವಿದ್ಯಾರ್ಥಿವೇತನದ ಆಸೆ ಬಿಡಬೇಕೇ? — ಸಾಗರ ತಾಲೂಕಿನ ಕೃಷಿಕರು

ಉತ್ತರ: ಬಿಡಬೇಡಿ. ಮೊದಲನೆಯದಾಗಿ ಮಗ ಚೇತರಿಸಿಕೊಂಡಿರುವನೆಂದು ನಂಬುತ್ತೇನೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟು ಆ ಊರಿನ ಹೆಸರನ್ನೇ ಹೊತ್ತ ಈ ಕಾಯಿಲೆ, ಉಣುಗು ಕಚ್ಚಿ ಬರುವಂಥದ್ದು. ಬೇಸಿಗೆ ಮುಗಿಯುವವರೆಗೆ ಕಾಡಿನಂಚಿಗೆ ಹೋಗುವ ಎಲ್ಲರೂ ಎಚ್ಚರವಾಗಿರಬೇಕು. ಜ್ವರ ಬಿಟ್ಟು ಮತ್ತೆ ಬರುವುದು ಈ ಕಾಯಿಲೆಯಲ್ಲಿ ಕೆಲವರಿಗೆ ಆಗುವಂಥದ್ದೇ ಆದ್ದರಿಂದ, ಎರಡು ಸಲದ ಚಿಕಿತ್ಸೆಯ ದಾಖಲೆಗಳೂ ನಿಮ್ಮ ಕೈಯಲ್ಲಿರಬೇಕು.

ನಿಮ್ಮದರಲ್ಲಿ ಎರಡು ವಿಷಯಗಳು ಬೆರೆತುಕೊಂಡಿವೆ, ಅವನ್ನು ಬೇರೆ ಮಾಡಿ. ಪರೀಕ್ಷೆ ತಪ್ಪಿದ್ದು ಒಂದು. ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ಕೇಂದ್ರ ಮಾರ್ಗಸೂಚಿಗಳಲ್ಲಿ ಬಹುಕಾಲದಿಂದ ಬಂದಿರುವ ಒಂದು ರಿಯಾಯಿತಿ ಹೀಗಿದೆ: ಕಾಯಿಲೆಯಿಂದಲೋ ಮೊದಲೇ ಊಹಿಸಲಾಗದ ಬೇರೆ ಘಟನೆಯಿಂದಲೋ ವಿದ್ಯಾರ್ಥಿ ವಾರ್ಷಿಕ ಪರೀಕ್ಷೆಗೆ ಕೂರಲಾಗದಿದ್ದರೆ, ವೈದ್ಯಕೀಯ ಪ್ರಮಾಣಪತ್ರವನ್ನು ನೋಡಿ, ಕುಳಿತಿದ್ದರೆ ತೇರ್ಗಡೆಯಾಗುತ್ತಿದ್ದ ಎಂದು ಸಂಸ್ಥೆಯ ಮುಖ್ಯಸ್ಥರು ದೃಢೀಕರಿಸಿದರೆ, ಮುಂದಿನ ವರ್ಷಕ್ಕೆ ವಿದ್ಯಾರ್ಥಿವೇತನವನ್ನು ನವೀಕರಿಸಬಹುದು. ಆ ದೃಢೀಕರಣ ಸುಮ್ಮನೆ ಬರುವುದಿಲ್ಲ. ಪ್ರಾಂಶುಪಾಲರಿಗೆ ಅದನ್ನು ಬರೆಯಲು ಆಧಾರ ಬೇಕು. ಮಗನ ಆಂತರಿಕ ಮೌಲ್ಯಮಾಪನದ ಅಂಕಗಳು ಮತ್ತು ಹಿಂದಿನ ಸೆಮಿಸ್ಟರಿನ ಅಂಕಪಟ್ಟಿಯನ್ನು ಅರ್ಜಿಯ ಜೊತೆಗೆ ನೀವೇ ಲಗತ್ತಿಸಿ.

ಹಾಜರಾತಿ ಇನ್ನೊಂದು. ಶೇಕಡಾ 75ಕ್ಕಿಂತ ಕಡಿಮೆಯಾದ ಹಾಜರಾತಿಯನ್ನು ವೈದ್ಯಕೀಯ ಕಾರಣದ ಮೇಲೆ ಮನ್ನಿಸಬೇಕೆಂದು ಕಾಲೇಜಿನ ಮೂಲಕ ವಿಶ್ವವಿದ್ಯಾಲಯವನ್ನು ಕೇಳಬೇಕಾಗುತ್ತದೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಮತ್ತು ರಕ್ತಪರೀಕ್ಷೆಯ ವರದಿಯ ಮೇಲಿರುವ ದಿನಾಂಕಗಳು ಗೈರುಹಾಜರಿಯ ದಿನಾಂಕಗಳಿಗೆ ತಾಳೆಯಾಗುವಂತಿರಬೇಕು. ಮೂರು ತಿಂಗಳ ನಂತರ ಪರಿಚಯದ ವೈದ್ಯರಿಂದ ಬರೆಸಿಕೊಂಡ ಪ್ರಮಾಣಪತ್ರಕ್ಕೆ ಯಾವ ಕಚೇರಿಯಲ್ಲಿಯೂ ಬೆಲೆಯಿಲ್ಲ.

ಇನ್ನು ಕೊನೆ ಕೊಯ್ಲಿನ ಎರಡು ವಾರ. ಅದಕ್ಕೆ ಯಾವ ಪ್ರಮಾಣಪತ್ರವೂ ಇಲ್ಲ, ದಯವಿಟ್ಟು ಅದನ್ನೂ ಜ್ವರದ ಲೆಕ್ಕಕ್ಕೆ ಸೇರಿಸಲು ಹೋಗಬೇಡಿ. ದಿನಾಂಕ ತಾಳೆಯಾಗದ ಒಂದು ಕಾಗದ ತಾಳೆಯಾಗುವ ನಾಲ್ಕು ಕಾಗದಗಳನ್ನೂ ಹಾಳುಮಾಡುತ್ತದೆ. ಆಳಿನ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ, ನಮ್ಮ ಮನೆಯಂಗಳದಲ್ಲಿಯೂ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮೇಲೆ ಅಡಿಕೆ ಸುಲಿದೇ ನಾನು ಓದಿದ್ದು. ಆದರೆ ಶೇಕಡಾ 75 ಎಂದರೆ ನೂರು ತರಗತಿಗೆ ಇಪ್ಪತ್ತೈದು ಮಾತ್ರ ತಪ್ಪಬಹುದು. ಅದರಲ್ಲಿ ದೊಡ್ಡ ಪಾಲನ್ನು ತೋಟ ತೆಗೆದುಕೊಂಡುಬಿಟ್ಟರೆ, ಜ್ವರ ಬಂದಾಗ ಉಳಿಯುವುದೇನು? ರಾತ್ರಿಯ ಸುಲಿತಕ್ಕೆ ಮಗನನ್ನು ಕೂರಿಸಿ, ಹಗಲಿನ ಬಸ್ಸಿಗೆ ಬಿಟ್ಟುಬಿಡಿ.

ಪ್ರಶ್ನೆ: ಮಾನ್ಯ ಸಂಪಾದಕರೇ, ನಾನು 74 ವರ್ಷದ ನಿವೃತ್ತ ಉಪಾಧ್ಯಾಯ. ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿಯೇ ಹುಟ್ಟಿದ ಮೊಮ್ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಕಳೆದ ವರ್ಷ ನನ್ನ ಪತ್ನಿ ತೀರಿಕೊಂಡಾಗ ಅವಳು ಸೆಮಿಸ್ಟರಿನ ಮಧ್ಯದಲ್ಲಿ ಬಂದು ಒಂದು ತಿಂಗಳು ನನ್ನ ಜೊತೆಗಿದ್ದಳು. ಹಿಂದಿರುಗಿದ ಮೇಲೆ ಕೆಲವು ವಿಷಯಗಳನ್ನು ಕೈಬಿಟ್ಟಳಂತೆ. ಈಗ 45 ಕ್ರೆಡಿಟ್‌ಗಳಷ್ಟು ಪಾಠ ತೆಗೆದುಕೊಂಡು 28 ಮಾತ್ರ ಮುಗಿಸಿದ್ದಾಳೆಂದೂ, ಪ್ರಗತಿ ತೃಪ್ತಿಕರವಾಗಿಲ್ಲದ ಕಾರಣ ಸರ್ಕಾರದ ನೆರವು ನಿಲ್ಲಿಸಲಾಗಿದೆಯೆಂದೂ ಕಾಲೇಜಿನಿಂದ ಪತ್ರ ಬಂದಿದೆ. ನನ್ನಿಂದಾಗಿ ಮಗುವಿನ ಓದಿಗೆ ತೊಂದರೆಯಾಯಿತಲ್ಲ ಎಂದು ನಿದ್ದೆ ಬರುತ್ತಿಲ್ಲ. — ತೀರ್ಥಹಳ್ಳಿ

ಉತ್ತರ: ಗುರುಗಳೇ, ನಿಮ್ಮ ಮೊಮ್ಮಗಳ ಪ್ರಕರಣ ಸರಿಹೋಗುವಂಥದ್ದು. ಅದರಲ್ಲಿ ನೀವು ಇಲ್ಲಿಂದಲೇ ಮಾಡಬಹುದಾದ ಒಂದು ಕೆಲಸವೂ ಇದೆ.

ಅಮೆರಿಕದ ಕೇಂದ್ರ ಸರ್ಕಾರದ ನೆರವು, ಅದು ಹಿಂದಿರುಗಿಸಬೇಕಿಲ್ಲದ ಪೆಲ್ ಗ್ರಾಂಟ್ ಆಗಿರಲಿ ಸಾಲವಾಗಿರಲಿ, ಪಡೆಯುವ ಪ್ರತಿ ವಿದ್ಯಾರ್ಥಿಯೂ ಅವರು 'ಸ್ಯಾಟಿಸ್‌ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್' ಎಂದು ಕರೆಯುವ ಷರತ್ತನ್ನು ಪಾಲಿಸಬೇಕು. ಅದಕ್ಕೆ ಮೂರು ಮುಖಗಳಿವೆ. ಒಂದು, ದರ್ಜೆ: ಎರಡನೇ ವರ್ಷದ ಅಂತ್ಯಕ್ಕೆ ಸರಾಸರಿ ಸಿ ದರ್ಜೆ, ಅಂದರೆ ಸಾಮಾನ್ಯವಾಗಿ ನಾಲ್ಕಕ್ಕೆ ಎರಡು ಇರಬೇಕು. ಎರಡು, ಒಟ್ಟು ಅವಧಿ: ಕೋರ್ಸಿನ ಗೊತ್ತಾದ ಅಳತೆಯ ಒಂದೂವರೆ ಪಟ್ಟು ಮೀರಬಾರದು, 120 ಕ್ರೆಡಿಟ್‌ನ ಪದವಿಗೆ 180 ಕ್ರೆಡಿಟ್ ತೆಗೆದುಕೊಳ್ಳುವುದರೊಳಗೆ ಮುಗಿಸಬೇಕು. ಮೂರನೆಯದು ವೇಗ. 180ರಲ್ಲಿ 120 ಎಂದರೆ ಮೂರರಲ್ಲಿ ಎರಡು ಪಾಲು; ಆದ್ದರಿಂದ ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಸುಮಾರು ಶೇಕಡಾ 67ನ್ನು ಮುಗಿಸಿರಬೇಕೆಂದು ಬಹಳಷ್ಟು ಕಾಲೇಜುಗಳು ಇಟ್ಟುಕೊಂಡಿವೆ. ಮಧ್ಯದಲ್ಲಿ ಕೈಬಿಟ್ಟ ವಿಷಯಗಳು ಫೇಲೆಂದು ದಾಖಲಾಗದಿದ್ದರೂ, ತೆಗೆದುಕೊಂಡ ಲೆಕ್ಕದಲ್ಲಿ ಸೇರುತ್ತವೆ, ಮುಗಿಸಿದ ಲೆಕ್ಕದಲ್ಲಿ ಸೇರುವುದಿಲ್ಲ. ನಿಮ್ಮ ಮೊಮ್ಮಗಳು ಎಡವಿದ್ದು ಇಲ್ಲಿ. 45ರಲ್ಲಿ 28 ಎಂದರೆ ಶೇಕಡಾ 62.

ಆದರೆ ಆ ನಿಯಮದಲ್ಲಿ ಮೇಲ್ಮನವಿಗೆ ಅವಕಾಶ ನೀಡುವ ಕಾಲೇಜುಗಳು ಒಪ್ಪಬಹುದಾದ ಕಾರಣಗಳಲ್ಲಿ ಮೊದಲನೆಯದೇ ಸಂಬಂಧಿಕರ ಮರಣ. ವಿದ್ಯಾರ್ಥಿಯ ಕಾಯಿಲೆ ಅಥವಾ ಗಾಯ ಮತ್ತು ಇತರ ವಿಶೇಷ ಸಂದರ್ಭಗಳು ಆಮೇಲಿನವು. ಮೇಲ್ಮನವಿಯಲ್ಲಿ ಅವಳು ಎರಡು ಪ್ರಶ್ನೆಗೆ ಉತ್ತರ ಬರೆಯಬೇಕು: ಪ್ರಗತಿ ಏಕೆ ಕುಂಠಿತವಾಯಿತು, ಮತ್ತು ಮುಂದೆ ಹಾಗಾಗದಂತೆ ಈಗ ಏನು ಬದಲಾಗಿದೆ. ಮೊದಲನೆಯದನ್ನು ಎಲ್ಲರೂ ನಾಲ್ಕು ಪುಟ ಬರೆಯುತ್ತಾರೆ, ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅವಳು ಹಾಗೆ ಮಾಡದಿರಲಿ. ಮುಂದಿನ ಅವಧಿಯಲ್ಲಿ 15 ಕ್ರೆಡಿಟ್ ತೆಗೆದುಕೊಂಡು ಹದಿನೈದನ್ನೂ ಮುಗಿಸಿದರೆ 60ಕ್ಕೆ 43, ಅಂದರೆ ಶೇಕಡಾ 71ರ ಮೇಲೆ ಹೋಗುತ್ತದೆ ಎಂಬ ಲೆಕ್ಕವನ್ನು ಅಂಕಿಯಲ್ಲಿಯೇ ಬರೆದು ತೋರಿಸಲಿ. ಮನವಿ ಒಪ್ಪಿಗೆಯಾದರೆ ಅವಳನ್ನು 'ಪ್ರೊಬೇಷನ್' ಎಂಬ ನಿಗಾ ಅವಧಿಯಲ್ಲಿಟ್ಟು ಆ ಅವಧಿಗೆ ನೆರವನ್ನು ಮರಳಿ ಕೊಡುತ್ತಾರೆ.

ನಿಮ್ಮ ಪತ್ನಿಯವರ ಮರಣ ಪ್ರಮಾಣಪತ್ರದ ಸ್ಪಷ್ಟವಾದ ಪ್ರತಿಯನ್ನು, ಅಗತ್ಯವಿದ್ದರೆ ಇಂಗ್ಲಿಷ್ ಅನುವಾದದೊಂದಿಗೆ, ನೀವು ಇಂದೇ ಮಗನಿಗೆ ಕಳುಹಿಸಿ. ಅವಳು ಬಂದು ಹೋದ ವಿಮಾನದ ಟಿಕೆಟ್ ಅಲ್ಲಿಯೇ ಸಿಗುತ್ತದೆ. ಈ ಎರಡು ಕಾಗದಗಳೇ ಅವಳ ಮಾತಿಗೆ ಸಾಕ್ಷಿ.

ಇಲ್ಲಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಆ ಸರ್ಕಾರದ ನೆರವು ಸಿಗುವುದಿಲ್ಲವಾದ್ದರಿಂದ ಈ ಉತ್ತರ ಅವರಿಗೆ ಅನ್ವಯಿಸುವುದಿಲ್ಲ. ಒಂದು ಮಾತನ್ನು ಮಾತ್ರ ಹೇಳದೆ ಇರಲಾರೆ: ಏಕೆ ಹೀಗಾಯಿತೆಂದು ವಿದ್ಯಾರ್ಥಿಯನ್ನೇ ಕೇಳುವ ಇಂಥ ಮೇಲ್ಮನವಿಯ ಬಾಗಿಲು ನಮ್ಮ ಐವತ್ತರ ಗೆರೆಯ ಪಕ್ಕದಲ್ಲಿಯೂ ಇರಬೇಕಿತ್ತು. ಹೊಸನಗರದ ವಿದ್ಯಾರ್ಥಿನಿಗೆ ಮರುಮೌಲ್ಯಮಾಪನ ಬಿಟ್ಟು ಬೇರೆ ದಾರಿ ತೋರಿಸಲು ನನಗೆ ಆಗಲಿಲ್ಲ.

ಪ್ರಶ್ನೆ: ಶಿಕ್ಷಣ ಸಾಲದ ಮೇಲೆ ಇಂಜಿನಿಯರಿಂಗ್ ಓದುತ್ತಿರುವ ನನಗೆ ಇಯರ್ ಬ್ಯಾಕ್ ಆಗಿದೆ. ಬ್ಯಾಂಕು ಸಾಲವನ್ನು ಈಗಲೇ ಕಟ್ಟಿಸಿಕೊಳ್ಳುತ್ತದೆಯೇ? ಓದು ಬಿಟ್ಟು ಕೆಲಸಕ್ಕೆ ಸೇರಿ ಸಾಲ ತೀರಿಸುವುದು ಲೇಸೇ? — ಭದ್ರಾವತಿ

ಉತ್ತರ: ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಗೊತ್ತಾದ ಅವಧಿಯಲ್ಲಿ ಕೋರ್ಸು ಮುಗಿಸಲಾಗದವರಿಗೆ ಗರಿಷ್ಠ ಎರಡು ವರ್ಷದವರೆಗೆ ಕಾಲಾವಕಾಶ ಕೊಡಬಹುದೆಂದು ಇದೆ. ಅದು ತಾನಾಗಿ ಸಿಗುವುದಿಲ್ಲ, ಕೇಳಬೇಕು. ಓದು ಬಿಡುವ ಆಲೋಚನೆಯನ್ನು ಮಾತ್ರ ಈ ಕಾರಣಕ್ಕಾಗಿ ಮಾಡಬೇಡಿ. ನೀವು ಕೇಂದ್ರದ ಬಡ್ಡಿ ಸಹಾಯಧನ ಪಡೆಯುತ್ತಿದ್ದರೆ, ಕೋರ್ಸನ್ನು ಮಧ್ಯದಲ್ಲಿ ಬಿಟ್ಟವರಿಗೂ, ಶಿಸ್ತಿನ ಅಥವಾ ಓದಿನ ಕಾರಣಕ್ಕೆ ಕಾಲೇಜಿನಿಂದ ಹೊರಹಾಕಲ್ಪಟ್ಟವರಿಗೂ ಅದು ಸಿಗುವುದಿಲ್ಲ. ಅನಾರೋಗ್ಯದಿಂದ ಬಿಟ್ಟವರಿಗಷ್ಟೇ ವಿನಾಯಿತಿ. ಇಯರ್ ಬ್ಯಾಕ್ ಆದವರು ಓದು ಬಿಟ್ಟವರಲ್ಲ. ಆದರೆ ಮುಂದಿನ ಕಂತು ಬಿಡುಗಡೆಗೆ ಬ್ಯಾಂಕು ಅಂಕಪಟ್ಟಿ ಕೇಳಿದಾಗ ನೀವು ಬ್ಯಾಂಕಿನ ಕಡೆಗೇ ಸುಳಿಯದಿದ್ದರೆ, ಬಿಟ್ಟವರಂತೆಯೇ ಕಾಣುತ್ತೀರಿ. ನೀವು ಇನ್ನೂ ವಿದ್ಯಾರ್ಥಿಯೆಂದೂ ಕೋರ್ಸು ಮುಗಿಯುವ ಹೊಸ ತಿಂಗಳು ಯಾವುದೆಂದೂ ನಮೂದಿಸಿದ ಪತ್ರವನ್ನು ಕಾಲೇಜಿನಿಂದ ಪಡೆದು, ತಂದೆಯನ್ನೋ ತಾಯಿಯನ್ನೋ, ಸಾಲಪತ್ರಕ್ಕೆ ಜೊತೆಯಲ್ಲಿ ಸಹಿ ಹಾಕಿದವರು ಯಾರೋ ಅವರನ್ನು ಕರೆದುಕೊಂಡು ಈ ವಾರವೇ ಬ್ಯಾಂಕಿಗೆ ಹೋಗಿ. ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಬ್ಯಾಂಕಿನ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಮನೆಗೆ ತನ್ನಿ.